ಪಂಪಿನ ಪಿಕಪ್ಪೋ, ಸೆನ್ಸರಿನ ಪಿಕಪ್ಪೋ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಿಕಪ್ ಬಗ್ಗೆಯೇ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿಯುವ ಮೊದಲು ಗಾಡಿ ಬದಲಿಸುವ ಯೋಚನೆ ನಮ್ಮ ಕಡೆ ಎಲ್ಲರಿಗೂ ಬರುತ್ತದೆ, ಅಲ್ವಾ. ನಾಲ್ಕು ಪತ್ರ ಆರಿಸಿದ್ದೇನೆ. ಮೊದಲನೆಯದರ ಉತ್ತರ ಸ್ವಲ್ಪ ಉದ್ದವಾಯಿತು, ಅದರಲ್ಲಿ ಹೇಳಲಿಕ್ಕೆ ಜಾಸ್ತಿ ಉಂಟು.

ಪ್ರಶ್ನೆ: ಸರ್, ನನ್ನದು 2009ರ ಪಿಕಪ್, ಇಂಜಿನ್ನಿಗೆ ಡೀಸೆಲ್ ತಳ್ಳುವುದು ಹಳೆ ಥರದ ರೋಟರಿ ಪಂಪ್. ಮಲ್ಪೆ ದಕ್ಕೆಯಿಂದ (ಮೀನುಗಾರಿಕೆ ಬಂದರು) ಮೀನು ಸಾಗಿಸುತ್ತೇನೆ. ದಿನಾ ಉಡುಪಿ, ಮಣಿಪಾಲ, ಕಟಪಾಡಿ ಅಂತ ಹತ್ತಿರದ ಟ್ರಿಪ್. ವಾರಕ್ಕೆ ಎರಡು ಸಲ ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಹೋಗುತ್ತೇನೆ. ಮಗ ಹೊಗೆಯ ಹೊಸ ನಿಯಮಕ್ಕೆ ತಕ್ಕ ಬಿಎಸ್6 ಗಾಡಿ ತೆಗೆಯುವ ಅಂತಾನೆ. ದಕ್ಕೆಯಲ್ಲಿ ಎಲ್ಲರೂ ಹಳೆ ಪಂಪಿನ ಪುಲ್ಲಿಂಗ್ (ಎಳೆಯುವ ಶಕ್ತಿ) ಹೊಸದಕ್ಕೆ ಇಲ್ಲವೇ ಇಲ್ಲ ಅಂತಾರೆ. ನಿಜವಾ?
– ಮಲ್ಪೆಯ ಓದುಗರು

ಉತ್ತರ: ಪುಲ್ಲಿಂಗ್ ಹೊಸದರಲ್ಲೇ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ದಕ್ಕೆಯವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆ ಅನಿಸುವುದಕ್ಕೆ ಕಾರಣ ಉಂಟು.

ಹಳೆ ಗಾಡಿಯಲ್ಲಿ ಪೆಡಲಿನಿಂದ ಒಂದು ಕೇಬಲ್ ಸೀದಾ ಪಂಪಿನ ಲಿವರ್‌ಗೆ ಹೋಗುತ್ತದೆ. ಕಾಲು ಒತ್ತಿದ ಕೂಡಲೇ ಪಂಪ್ ಡೀಸೆಲ್ ತಳ್ಳುತ್ತದೆ. ಅಷ್ಟು ಡೀಸೆಲ್ ಸುಡುವಷ್ಟು ಗಾಳಿ ಒಳಗೆ ಬಂದಿದೆಯಾ ಅಂತ ಅದು ಹೆಚ್ಚೇನೂ ನೋಡುವುದಿಲ್ಲ. ಹಾಗಾಗಿ ಹಿಂದೆ ಕಪ್ಪು ಹೊಗೆ, ಮುಂದೆ ಒಂದು ಜಗ್ಗು. ಆ ಜಗ್ಗನ್ನೇ ನಾವು ಪುಲ್ಲಿಂಗ್ ಅಂದುಕೊಳ್ಳುತ್ತೇವೆ. ಹೊಗೆಯಾಗಿ ಹೋದದ್ದು ಪೂರ್ತಿ ಸುಡದ ಡೀಸೆಲ್, ಅದು ನಿಮ್ಮ ಮೀನನ್ನು ಎಳೆದಿಲ್ಲ. ಹೊಸ ಗಾಡಿಯಲ್ಲಿ ಪೆಡಲಿನ ಕೆಳಗೆ ಇರುವುದು ಬರೀ ಸೆನ್ಸರ್. ಅದು ಇಸಿಯುಗೆ, ಅಂದರೆ ಇಂಜಿನ್ನಿನ ಕಂಪ್ಯೂಟರಿಗೆ, ಸುದ್ದಿ ಮುಟ್ಟಿಸುತ್ತದೆ, ಇಸಿಯು ಗಾಳಿ ಎಷ್ಟು ಬರುತ್ತಿದೆ, ಟರ್ಬೊ ಒತ್ತಡ ಎಷ್ಟು, ಇಂಜಿನ್ ಎಷ್ಟು ಬಿಸಿಯಾಗಿದೆ ಅಂತ ನೋಡಿ ಅದಕ್ಕೆ ತಕ್ಕ ಹಾಗೆ ಡೀಸೆಲ್ ಬಿಡುತ್ತದೆ. ಖಾಲಿ ಗಾಡಿಯಲ್ಲಿ ಕಾಲಿಗೆ ಇದು ಮೆತ್ತಗೆ ಅನಿಸುವುದು ಸಹಜ. ಲೋಡ್ ಹಾಕಿ ಘಾಟಿ ಹತ್ತಿಸಿದಾಗಲೇ ವ್ಯತ್ಯಾಸ ಗೊತ್ತಾಗುವುದು.

ಆಗುಂಬೆಯ 14 ತಿರುವು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸೋಮೇಶ್ವರ ದಾಟಿ ಏರು ಶುರುವಾಗುತ್ತದೆ, ತಿರುವಿನಲ್ಲಿ ಎದುರಿಗೆ ಬಸ್ಸು ಬರುತ್ತದೆ, ನೀವು ಕಾಲು ತೆಗೆಯುತ್ತೀರಿ. ಇಂಜಿನ್ ಸ್ಪೀಡ್ ನಿಮಿಷಕ್ಕೆ 1200 ಸುತ್ತಿಗೆ ಇಳಿಯುತ್ತದೆ. ಹಳೆ ಪಂಪನ್ನು ತಿರುಗಿಸುವುದು ಇಂಜಿನ್ನೇ ಆದ್ದರಿಂದ ಇಂಜಿನ್ ನಿಧಾನವಾದರೆ ಪಂಪಿನ ಒತ್ತಡವೂ ಬಿತ್ತು. ಒತ್ತಡ ಬಿದ್ದರೆ ನಾಝಲ್‌ನಿಂದ ಡೀಸೆಲ್ ಮಂಜಿನಂತೆ ಬರುವುದಿಲ್ಲ, ದಪ್ಪ ಹನಿಯಾಗಿ ಬರುತ್ತದೆ, ಸರಿಯಾಗಿ ಸುಡುವುದಿಲ್ಲ. ಫಸ್ಟ್ ಗೇರ್ ಹಾಕದೆ ವಿಧಿಯಿಲ್ಲ. ಹೊಸ ಕಾಮನ್ ರೈಲ್ ಇಂಜಿನ್‌ನಲ್ಲಿ ಹಾಗಲ್ಲ. ಅದರ ಹೈ ಪ್ರೆಶರ್ ಪಂಪನ್ನು ತಿರುಗಿಸುವುದೂ ಇಂಜಿನ್ನೇ, ಆದರೆ ಅದು ಡೀಸೆಲನ್ನು ಮೊದಲು ಒಂದು ದಪ್ಪ ಪೈಪಿನಲ್ಲಿ ತುಂಬಿ ಇಡುತ್ತದೆ. ಆ ಪೈಪೇ ರೈಲ್. ಇಂಜಿನ್ ನಿಧಾನವಿದ್ದರೂ ರೈಲಿನಲ್ಲಿ ಎಷ್ಟು ಒತ್ತಡ ಬೇಕು ಅಂತ ಇಸಿಯು ತೀರ್ಮಾನ ಮಾಡುತ್ತದೆ. ನಾನು ಎರಡು ಥರದ ಗಾಡಿಯನ್ನೂ ಆ ಘಾಟಿಯಲ್ಲಿ ಲೋಡ್ ಹಾಕಿ ಓಡಿಸಿದ್ದೇನೆ. ಹಳೆಯದರಲ್ಲಿ ಫಸ್ಟ್‌ಗೆ ಹಾಕಿ ಅರಚಿಸಿಕೊಂಡು ಹತ್ತಿದ ತಿರುವನ್ನು ಹೊಸದು ಸೆಕೆಂಡಿನಲ್ಲೇ, ಗಲಾಟೆ ಇಲ್ಲದೆ, ಹೊಗೆ ಇಲ್ಲದೆ ಹತ್ತಿತು.

ಒತ್ತಡ ಅಂದರೆ ಎಷ್ಟು? ನಿಮ್ಮ ಹಿಂದಿನ ಟೈರಿಗೆ 60 ಪಿಎಸ್‌ಐ ಗಾಳಿ ಹಾಕಿದರೆ ಅದು 4 ಬಾರ್ ಚಿಲ್ಲರೆ. ನಿಮ್ಮ ಹಳೆ ಇಂಜಿನ್ನಿನ ನಾಝಲ್ ಬಾಯಿ ಬಿಡುವುದೇ ಸುಮಾರು 200 ಬಾರ್ ಆದ ಮೇಲೆ, ಆಮೇಲೆ ಇನ್ನೂ ಏರುತ್ತದೆ. ಕಾಮನ್ ರೈಲ್‌ನಲ್ಲಿ ಪೂರ್ತಿ ಲೋಡಿಗೆ 1600 ಬಾರ್, ಕೆಲವು ಇಂಜಿನ್‌ಗಳಲ್ಲಿ ಅದಕ್ಕೂ ಮೇಲೆ. ಇನ್ನೊಂದು ವಿಷಯ. ಹಳೆಯದು ಒಂದು ಸಲಕ್ಕೆ ಒಂದೇ ಬಾರಿ ಡೀಸೆಲ್ ಚಿಮ್ಮಿಸುತ್ತದೆ. ಹೊಸದು ಮೊದಲು ಒಂದು ಚಿಟಿಕೆ ಚಿಮ್ಮಿಸಿ, ಅದು ಹತ್ತಿಕೊಂಡ ಮೇಲೆ ಉಳಿದದ್ದನ್ನು ಬಿಡುತ್ತದೆ. ಹಳೆ ಗಾಡಿಯ ಆ ಟಕಟಕ ಸದ್ದು ಹೊಸದರಲ್ಲಿ ಕಡಿಮೆ ಇರುವುದು ಇದರಿಂದಲೇ.

ಇಲ್ಲಿಯವರೆಗೆ ಹೊಸದೇ ಗೆದ್ದಿತು. ಆದರೆ ನೀವು ದಿನಾ ಓಡಿಸುವುದು ಆಗುಂಬೆಯಲ್ಲಿ ಅಲ್ಲ, ದಕ್ಕೆಯಲ್ಲಿ.

ಬೆಳಗ್ಗೆ ಮೂರು ಗಂಟೆಗೆ ಹೋಗಿ ನಿಲ್ಲಿಸುತ್ತೀರಿ. ಬಂಗುಡೆ, ಬೂತಾಯಿ ಕ್ರೇಟ್ ಒಂದರ ಮೇಲೊಂದು ಏರುತ್ತದೆ. ಐಸ್ ಕರಗಿದ ಉಪ್ಪು ನೀರು ಹಲಗೆಯ ಸಂದಿಯಿಂದ ಚಾಸಿ ಮೇಲೆ, ಅಲ್ಲಿಂದ ವಯರಿಂಗ್ ಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಹಳೆ ಗಾಡಿಗೆ ಅಲ್ಲಿ ತುಕ್ಕು ಹಿಡಿದರೆ ಹಿಡಿಯಲಿ, ಇಂಜಿನ್ ಓಡಲಿಕ್ಕೆ ಬೇಕಾದ ವಯರ್ ಒಂದೇ ಒಂದು, ಪಂಪಿನ ಸ್ಟಾಪ್ ಸೊಲೆನಾಯ್ಡ್‌ಗೆ (ಡೀಸೆಲ್ ಬಿಡುವ, ನಿಲ್ಲಿಸುವ ಕರೆಂಟಿನ ವಾಲ್ವ್) ಹೋಗುವುದು. ಹೊಸದರಲ್ಲಿ ಸೈಲೆನ್ಸರ್ ಉದ್ದಕ್ಕೂ ಸೆನ್ಸರ್‌ಗಳು. ಒಂದು ಸಲ ಮೀನಿನ ಗಾಡಿಯೊಂದರ ಕನೆಕ್ಟರ್ ಬಿಚ್ಚಿ ನೋಡಿದೆ. ಪಿನ್ನುಗಳ ಮೇಲೆ ಪಾಚಿಯಂಥ ಹಸಿರು ಪುಡಿ, ಒಂದು ಪಿನ್ ಮುಟ್ಟಿದ ಕೂಡಲೇ ಮುರಿದು ಕೈಗೆ ಬಂತು. ಇಂಜಿನ್‌ಗೆ ಏನೂ ಆಗಿರಲಿಲ್ಲ, ಆದರೂ ಗಾಡಿ ಇಸಿಯು ಪವರ್ ತಗ್ಗಿಸುವ ಲಿಂಪ್ ಮೋಡ್‌ಗೆ ಹೋಗಿ 40ಕ್ಕಿಂತ ಮೇಲೆ ಓಡುತ್ತಿರಲಿಲ್ಲ.

ಮತ್ತೆ ಡೀಸೆಲಿನಲ್ಲಿ ನೀರು. ಇದು ನನಗೇ ಆದದ್ದು. ಜುಲೈ ತಿಂಗಳು, ಜಡಿ ಮಳೆ. ಒಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಹೊರಟೆ, ಹತ್ತು ಕಿಲೋಮೀಟರ್ ಹೋಗುವುದರಲ್ಲಿ ನನ್ನ ಹಳೆ ಪಿಕಪ್ ಕೆಮ್ಮಲು ಶುರು ಮಾಡಿತು. ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಬಿಟ್ಟೆ. ಐದು ನಿಮಿಷ ಬಿಟ್ಟು ನೋಡಿದರೆ ಮೇಲೆ ಹೊಂಬಣ್ಣದ ಡೀಸೆಲ್, ಕೆಳಗೆ ಎರಡು ಬೆರಳು ದಪ್ಪಕ್ಕೆ ನೀರು, ನಡುವೆ ಗೆರೆ ಎಳೆದ ಹಾಗೆ. ನೀರೆಲ್ಲ ಬಿಟ್ಟು, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದು ಮನೆಗೆ ಬಂದೆ. ಅದೇ ದಿನ ಅಲ್ಲೇ ಡೀಸೆಲ್ ಹಾಕಿಸಿದ ಇನ್ನೊಬ್ಬರದು ಕಾಮನ್ ರೈಲ್ ಗಾಡಿ. ಅವರು ಡ್ಯಾಶ್‌ಬೋರ್ಡಿನ ನೀರಿನ ಲೈಟ್ ನೋಡಿಯೂ ಓಡಿಸಿದರು. ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರ್ ಮತ್ತು ಹೈ ಪ್ರೆಶರ್ ಪಂಪ್ ಬಿಚ್ಚಬೇಕಾಯಿತು. ಕಾಮನ್ ರೈಲ್ ಇಂಜೆಕ್ಟರಿನ ಒಳಗೆ ಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ, ತಲೆಕೂದಲು ಸುಮಾರು 70 ಮೈಕ್ರಾನ್ ಅಂತ ಇಟ್ಟುಕೊಂಡರೆ ಲೆಕ್ಕ ಹಾಕಿ. ಅಲ್ಲಿ ಡೀಸೆಲೇ ಎಣ್ಣೆಯ ಕೆಲಸವನ್ನೂ ಮಾಡಬೇಕು. ನೀರು ಆ ಕೆಲಸ ಮಾಡುವುದಿಲ್ಲ.

ಈಗ ನನ್ನ ಮಾತು. ನಿಮ್ಮಲ್ಲಿ ಓಡಿಸುವವರು ಇಬ್ಬರು ಇದ್ದೀರಿ. ಹೊಸದು ತೆಗೆಯಿರಿ, ಹಳೆಯದನ್ನು ಮಾರಬೇಡಿ. 2009ರ ಗಾಡಿಗೆ ಈಗ ಸಿಗುವ ದುಡ್ಡು ಕಡಿಮೆ, ಅದು ಮಾಡುವ ಕೆಲಸ ಜಾಸ್ತಿ. ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಫೀಸೂ ಹೆಚ್ಚಾಗಿದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಎಫ್‌ಸಿ ಆಗುವವರೆಗೆ ದಕ್ಕೆ ಮತ್ತು ಪೇಟೆಯ ಟ್ರಿಪ್ ಹಳೆಯದರಲ್ಲಿ ಆಗಲಿ. ಘಾಟಿ ಮೇಲಿನದು ಮಗ ಹೊಸದರಲ್ಲಿ ನೋಡಿಕೊಳ್ಳಲಿ. ಒಂದೇ ಗಾಡಿ ಸಾಕು ಅನ್ನುವುದಾದರೂ ಹೊಸದೇ ಆಗಲಿ, ವಾರಕ್ಕೆ ಎರಡು ಸಲ ತೀರ್ಥಹಳ್ಳಿ ಓಟ ಇರುವುದರಿಂದ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ತಾನಾಗಿ ಚೊಕ್ಕವಾಗುತ್ತದೆ. ಆದರೆ ಹಲಗೆಯ ಕೆಳಗೆ ಶೀಟ್ ಹಾಕಿ ನೀರು ಹಿಂದಕ್ಕೆ ಹೋಗುವ ಹಾಗೆ ಮಾಡಿಸಿ, ದಿನಾ ಸಂಜೆ ಸಿಹಿನೀರಿನಲ್ಲಿ ಚಾಸಿ ತೊಳೆಯಿರಿ. ಪ್ರೆಶರ್ ವಾಷರ್‌ನ ಬಾಯಿಯನ್ನು ಕನೆಕ್ಟರ್ ಕಡೆ ಹಿಡಿಯಬೇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಫಿಲ್ಟರ್ ನೀರು ಬಿಡಿ.

ಪ್ರಶ್ನೆ: ನನ್ನ ಬಿಎಸ್6 ಪಿಕಪ್‌ಗೆ ಎರಡು ವರ್ಷ. ಕೆಂಪು ಕಲ್ಲಿನ ಕೋರೆಯಿಂದ ಹತ್ತಿರದ ಸೈಟುಗಳಿಗೆ ಕಲ್ಲು ಸಾಗಿಸುತ್ತೇನೆ. ತಿಂಗಳಿಗೊಮ್ಮೆ ಡಿಪಿಎಫ್ ಲೈಟ್ ಬರುತ್ತದೆ, ಆಮೇಲೆ ಗಾಡಿ ಎಳೆಯುವುದೇ ಇಲ್ಲ. ಡಿಪಿಎಫ್ ತೆಗೆದು ಬರೀ ಪೈಪ್ ಹಾಕಿದರೆ ಹಳೆ ಗಾಡಿಯ ಹಾಗೆ ಓಡುತ್ತದೆ ಅಂತ ಒಬ್ಬರು ಹೇಳಿದರು. ಮಾಡಿಸಲಾ?
– ಬಿ.ಸಿ.ರೋಡಿನ ಓದುಗರು

ಉತ್ತರ: ಬೇಡ. ಕಾನೂನಿಗೆ ವಿರುದ್ಧ, ವಾರಂಟಿ ಹೋಗುತ್ತದೆ, ನಾಳೆ ಎಫ್‌ಸಿಗೆ ಹೋದಾಗ ತೊಂದರೆ. ಅದಕ್ಕಿಂತ ದೊಡ್ಡದು, ನಿಮ್ಮ ಹಿಂದೆ ಬೈಕಿನಲ್ಲಿ ಮಗುವನ್ನು ಕೂರಿಸಿಕೊಂಡು ಬರುವವರು ಆ ಮಸಿಯನ್ನು ಕುಡಿಯಬೇಕು.

ನಿಮ್ಮ ಗಾಡಿಗೆ ರೋಗ ಇಲ್ಲ. ಅದಕ್ಕೆ ಓಟ ಸಾಲುತ್ತಿಲ್ಲ. ಡಿಪಿಎಫ್ ಅಂದರೆ ಮಸಿ ಹಿಡಿಯುವ ಜರಡಿ. ತುಂಬಿದಾಗ ಇಂಜಿನ್ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಸೈಲೆನ್ಸರನ್ನು ಸುಮಾರು 600 ಡಿಗ್ರಿಗೆ ಬಿಸಿ ಮಾಡಿ ಆ ಮಸಿಯನ್ನು ಸುಡುತ್ತದೆ. ಅಷ್ಟು ಬಿಸಿಯಾಗಲಿಕ್ಕೆ ಒಂದೇ ಸಮನೆ 15–20 ನಿಮಿಷ ಓಡಬೇಕು. ನೀವು ನಾಲ್ಕು ಕಿಲೋಮೀಟರ್ ಹೋಗಿ, ಕಲ್ಲು ಇಳಿಸುವವರೆಗೂ ಇಂಜಿನ್ ಆನ್ ಇಟ್ಟು, ಆಮೇಲೆ ಆಫ್ ಮಾಡುತ್ತಿದ್ದೀರಿ ಅಂತ ಕಾಣುತ್ತದೆ. ಪ್ರತಿ ಸಲವೂ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಅರ್ಧಕ್ಕೆ ನಿಂತಾಗ ಹೆಚ್ಚಿಗೆ ಬಿಟ್ಟ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಇಂಜಿನ್ ಆಯಿಲ್‌ಗೆ ಸೇರುವುದೂ ಉಂಟು. ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರಿದ್ದರೆ, ಡೀಸೆಲ್ ವಾಸನೆ ಬಂದರೆ, ಮೊದಲು ಆಯಿಲ್ ಬದಲಿಸಿ.

ಕಲ್ಲು ಇಳಿಸುವಾಗ ಇಂಜಿನ್ ಆಫ್ ಮಾಡಿ. ವಾರಕ್ಕೊಮ್ಮೆ ಬೆಳಗ್ಗೆ ಬೇಗ, ರಸ್ತೆ ಬಿಡುವಾಗಿರುವಾಗ, ಉಪ್ಪಿನಂಗಡಿ ಕಡೆಗೆ ಒಂದು ಓಟ ಹೊಡೆಯಿರಿ. ಟಾಪ್ ಗೇರ್‌ನಲ್ಲಿ ತೆವಳಿಸಬೇಡಿ, ಒಂದು ಗೇರ್ ಕೆಳಗೆ ಇಟ್ಟು ಇಂಜಿನ್ 2000ದ ಮೇಲೆ ತಿರುಗಲಿ. ಲೈಟ್ ಮಿನುಗುತ್ತಲೇ ಇದ್ದರೆ ಸ್ಕ್ಯಾನರ್ ಹಾಕಿ ನಿಲ್ಲಿಸಿಯೇ ಸುಡಿಸಬಹುದು, ಸರ್ವಿಸ್ ಸೆಂಟರಿನಲ್ಲಿ ಮಾಡುತ್ತಾರೆ. ಆಯಿಲ್ ಮಾತ್ರ ಡಿಪಿಎಫ್ ಗಾಡಿಗೆ ಹೇಳಿದ ಲೋ ಆ್ಯಶ್ ಆಯಿಲೇ ಹಾಕಿ. ಮಸಿ ಸುಟ್ಟು ಹೋಗುತ್ತದೆ, ಆಯಿಲಿನ ಬೂದಿ ಸುಡುವುದಿಲ್ಲ, ಒಳಗೇ ಕೂತುಬಿಡುತ್ತದೆ.

ಪ್ರಶ್ನೆ: ನಾನು ಐಟಿಐ ಡೀಸೆಲ್ ಮೆಕ್ಯಾನಿಕ್ ವಿದ್ಯಾರ್ಥಿ. ಅಮೆರಿಕದ ಪಿಕಪ್‌ಗಳ ವಿಡಿಯೋ ನೋಡುತ್ತೇನೆ. ಅಲ್ಲಿ ಕಮಿನ್ಸ್ ಕಂಪನಿಯ 12 ವಾಲ್ವ್ ಮೆಕ್ಯಾನಿಕಲ್ ಇಂಜಿನ್ನೇ ಎಲ್ಲಕ್ಕಿಂತ ಪವರ್‌ಫುಲ್ ಅಂತಾರೆ. ಹೌದಾ ಸರ್?
– ಕುಂದಾಪುರದ ಓದುಗ

ಉತ್ತರ: ಒಳ್ಳೆಯ ಪ್ರಶ್ನೆ ತಮ್ಮಾ. ಈ ಇಂಜಿನ್ ನಿನ್ನ ಓದಿಗೆ ಹೇಳಿ ಮಾಡಿಸಿದ ಉದಾಹರಣೆ, ಯಾಕೆಂದರೆ ಅದೇ 5.9 ಲೀಟರ್, ಅದೇ ಆರು ಸಿಲಿಂಡರ್ ಇಟ್ಟುಕೊಂಡು ಪಂಪ್ ಕಾಲಕಾಲಕ್ಕೆ ಹೇಗೆ ಬದಲಾಯಿತು ಅಂತ ನೋಡಬಹುದು. ಡಾಜ್ ರಾಮ್ ಪಿಕಪ್‌ಗೆ ಈ ಇಂಜಿನ್ ಬಂದದ್ದು 1989ರ ಮಾಡೆಲ್‌ನಲ್ಲಿ, ಬಾಷ್ ರೋಟರಿ ಪಂಪ್, 160 ಎಚ್‌ಪಿ. 1994ರಿಂದ ಇನ್‌ಲೈನ್ ಪಂಪ್, ಹೆಸರು ಪಿ7100. ವಿಡಿಯೋದವರು ಹೊಗಳುವುದು ಇದನ್ನೇ. ಕೊನೆಕೊನೆಗೆ ಮ್ಯಾನುಯಲ್ ಗೇರಿನ ಗಾಡಿಯಲ್ಲಿ 215 ಎಚ್‌ಪಿ, ಟಾರ್ಕ್ (ತಿರುಗಿಸುವ ಬಲ) ಸುಮಾರು 597 ನ್ಯೂಟನ್ ಮೀಟರ್. 2003ರಲ್ಲಿ ಕಾಮನ್ ರೈಲ್ ಬಂತು, ಹೈ ಔಟ್‌ಪುಟ್ ಇಂಜಿನ್ನಿಗೆ 305 ಎಚ್‌ಪಿ, ಸುಮಾರು 752 ನ್ಯೂಟನ್ ಮೀಟರ್. ಕಂಪನಿಯಿಂದ ಬಂದ ಹಾಗೇ ನಿಲ್ಲಿಸಿ ಹೋಲಿಸಿದರೆ ಎಲೆಕ್ಟ್ರಾನಿಕ್ಕೇ ಮುಂದೆ.

ಹಾಗಾದರೆ ಆ ಹೊಗಳಿಕೆ ಯಾಕೆ? ಪಿ7100 ಕಬ್ಬಿಣದ ಗುಂಡು. ಪ್ರತಿ ಸಿಲಿಂಡರಿಗೂ ಡೀಸೆಲ್ ತಳ್ಳುವ ಒಂದೊಂದು ಪ್ಲಂಜರ್, ಕೆಳಗಿನ ಕ್ಯಾಮ್‌ಗೆ ಇಂಜಿನ್ ಆಯಿಲಿನದೇ ಲೂಬ್ರಿಕೇಶನ್. ಲ್ಯಾಪ್‌ಟಾಪ್ ಇಲ್ಲದೆ ಸ್ಪ್ಯಾನರ್ ಹಿಡಿದು ಅದರ ಡೀಸೆಲ್ ಹೆಚ್ಚಿಸಬಹುದು, ಅದು ತಡೆದುಕೊಳ್ಳುತ್ತದೆ. ವಿಡಿಯೋದಲ್ಲಿ ಬರುವುದು ಹಾಗೆ ತಿದ್ದಿದ ಇಂಜಿನ್‌ಗಳು. ಆ ಕಪ್ಪು ಹೊಗೆಯನ್ನು ಪವರ್ ಅಂತ ಎಣಿಸಬೇಡ.

ನೀನು ಮುಖ್ಯವಾಗಿ ಓದಬೇಕಾದದ್ದು ಇವೆರಡರ ನಡುವೆ ಬಂದ ಪಂಪ್. 1998ರ ನಡುವಿನಿಂದ 2002ರವರೆಗೆ ವಿಪಿ44 ಅಂತ ಒಂದು ರೋಟರಿ ಪಂಪ್ ಇತ್ತು, ತಲೆಯ ಮೇಲೇ ಎಲೆಕ್ಟ್ರಾನಿಕ್ ಕಂಟ್ರೋಲ್. ಅದಕ್ಕೆ ತಂಪೂ ಲೂಬ್ರಿಕೇಶನ್ನೂ ಎರಡೂ ಡೀಸೆಲಿನಿಂದಲೇ. ಟ್ಯಾಂಕಿನಿಂದ ಡೀಸೆಲ್ ಕಳಿಸುವ ಸಣ್ಣ ಲಿಫ್ಟ್ ಪಂಪ್ ಸೋತರೆ ಈ ದುಬಾರಿ ಪಂಪೂ ಸಾಯುತ್ತಿತ್ತು. ಬರೀ ದೊಡ್ಡ ಪಂಪ್ ಬದಲಿಸಿದವರಿಗೆ ಮತ್ತೆ ಅದೇ ತೊಂದರೆ. ಹಾಗಾಗಿ ಗಾಡಿ ಎಳೆಯುವುದಿಲ್ಲ ಅಂತ ಯಾರಾದರೂ ಬಂದರೆ ಇಂಜೆಕ್ಟರಿಗೆ ಕೈ ಹಾಕುವ ಮೊದಲು ಟ್ಯಾಂಕಿನಿಂದ ಶುರು ಮಾಡು. ಡೀಸೆಲ್ ಸರಿಯಾಗಿ ಬರುತ್ತಿದೆಯಾ, ಫಿಲ್ಟರ್ ಕಟ್ಟಿದೆಯಾ, ಎಲ್ಲಿಂದಾದರೂ ಗಾಳಿ ಎಳೆಯುತ್ತಿದೆಯಾ ನೋಡು. ಹಳೆ ಇಂಜಿನ್ನಿಗೂ ಹೊಸದಕ್ಕೂ ಇದೇ ಕ್ರಮ.

ಪ್ರಶ್ನೆ: ಹಳೆ ಗಾಡಿಯಾದರೆ ಬ್ಯಾಟರಿ ಇಳಿದರೆ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದೆವು. ಹೊಸದನ್ನು ಹಾಗೆ ಮಾಡಬಹುದಾ?
– ಸುರತ್ಕಲ್‌ನ ಓದುಗರು

ಉತ್ತರ: ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಆಗುವುದಿಲ್ಲ. ಇಸಿಯುಗೆ ಕರೆಂಟ್ ಬೇಕು, ಇಂಜೆಕ್ಟರ್ ತೆರೆಯಲಿಕ್ಕೂ ಕರೆಂಟ್ ಬೇಕು, ರೈಲಿನಲ್ಲಿ ಒತ್ತಡ ಏರದೆ ಇಸಿಯು ಡೀಸೆಲ್ ಬಿಡುವುದೇ ಇಲ್ಲ. ಸುಮ್ನೆ ನಾಲ್ಕು ಜನರ ಬೆನ್ನು ನೋವು. ಜಂಪ್ ಕೇಬಲ್ ಗಾಡಿಯಲ್ಲೇ ಇಟ್ಟುಕೊಳ್ಳಿ, ಪ್ಲಸ್ಸು ಮೈನಸ್ಸು ತಪ್ಪಿಸಬೇಡಿ, ಅದಲು ಬದಲಾದರೆ ಇಸಿಯುವೇ ಸುಟ್ಟು ಹೋಗಬಹುದು. ಇದೇ ಹೊತ್ತಿಗೆ ಇನ್ನೊಂದು: ನಮ್ಮ ಕಡೆ ಉಪ್ಪು ಗಾಳಿಗೆ ಬಾಡಿ ತುಕ್ಕು ಹಿಡಿದು ವರ್ಷಕ್ಕೊಮ್ಮೆಯಾದರೂ ವೆಲ್ಡಿಂಗ್ ಮಾಡಿಸುತ್ತೇವಲ್ಲ, ಹೊಸ ಗಾಡಿಯಾದರೆ ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿಸಿ, ಇಸಿಯು ಕನೆಕ್ಟರನ್ನೂ ತೆಗೆಸಿ. ವೆಲ್ಡರ್‌ಗೆ ಬಾಯಲ್ಲಿ ಹೇಳಿ ಚಹಾ ಕುಡಿಯಲು ಹೋಗಬೇಡಿ, ಬಿಚ್ಚಿದ್ದನ್ನು ಕಣ್ಣಾರೆ ನೋಡಿ.