ಊರಲ್ಲಿ ಒಬ್ಬರೇ ಇರುವ ಅಮ್ಮನಿಗೆ ವೃದ್ಧಾಶ್ರಮ ಹುಡುಕುವುದು ಹೇಗೆ?

ಅಮ್ಮನಿಗೆ 78, ಹಾಸನದಲ್ಲಿ ಒಬ್ಬರೇ ಇದ್ದಾರೆ, ಈಚೆಗೆ ಎರಡು ಸಲ ಗ್ಯಾಸ್ ಆರಿಸಲು ಮರೆತರು, ಬೆಂಗಳೂರಿನಲ್ಲಿ ಯಾವ ವೃದ್ಧಾಶ್ರಮ ನೋಡಲಿ ಅಂತ ಕೇಳಿದ್ದೀರಿ. ನಮ್ಮಪ್ಪನಿಗಾಗಿ ನಾನೂ ಹೀಗೇ ಅಲೆದಿದ್ದೇನೆ.

ಜಾಗ ನೋಡುವ ಮೊದಲು ಆ ಮರೆವನ್ನು ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಏರುಪೇರಾದರೂ, ಬಿ12 ಕಡಿಮೆಯಾದರೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ಡಿಮೆನ್ಷಿಯಾ, ಅಂದರೆ ಬರಬರುತ್ತಾ ಹೆಚ್ಚುವ ಮರೆವಿನ ಕಾಯಿಲೆ, ಅಂತಾದರೆ ನೀವು ಹುಡುಕಬೇಕಾದ ಜಾಗವೇ ಬೇರೆ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟಿನವರದು ಅಂಥ ಕೇಂದ್ರವಿದೆ.

ನನಗೆ ತಡವಾಗಿ ಗೊತ್ತಾದದ್ದು ಏನೆಂದರೆ, ಎಷ್ಟೋ ವೃದ್ಧಾಶ್ರಮಗಳು ತಮ್ಮ ಸ್ನಾನ, ಊಟ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಅಪ್ಪ ಸೇರಿದ ಎಂಟನೇ ತಿಂಗಳಿಗೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಮುಗಿಸಿ ವಾಪಸ್ ಕರೆದುಕೊಂಡು ಹೋದರೆ, "ನಡೆಯೋಕಾಗದೇ ಇರೋರನ್ನ ಇಟ್ಕೊಳಲ್ಲ ಸಾರ್" ಅಂದರು. ಕರಾರು ಪತ್ರ ತೆಗೆದು ನೋಡಿದರೆ ನಾಲ್ಕನೇ ಪುಟದಲ್ಲಿ ಹಾಗೇ ಬರೆದಿತ್ತು. ಕೆಳಗೆ ಸಹಿ ನನ್ನದೇ. ಅಪ್ಪ ವೀಲ್‌ಚೇರಿನಲ್ಲಿ, ಟ್ರಂಕು ಗೇಟಿನ ಹೊರಗೆ.

ಹಾಗಾಗಿ ಊಟ, ತೋಟ, ದೇವರಮನೆ ಎಲ್ಲ ಆಮೇಲೆ ನೋಡಿ. ಮೊದಲು ಕೇಳಿ, ಹಾಸಿಗೆ ಹಿಡಿದರೆ ಇಲ್ಲೇ ನೋಡಿಕೊಳ್ಳುತ್ತೀರಾ? ಅದಕ್ಕೆ ತಿಂಗಳಿಗೆ ಎಷ್ಟು ಜಾಸ್ತಿ? ಬಿಟ್ಟುಹೋದರೆ ಡೆಪಾಸಿಟ್ ಎಷ್ಟು ದಿನಕ್ಕೆ ವಾಪಸ್? ಬಾಯಿಮಾತು ಬೇಡ, ಬರಹದಲ್ಲಿರಲಿ. ಆರೋಗ್ಯ ವಿಮೆ ಆಸ್ಪತ್ರೆ ಬಿಲ್ಲಿಗಾಯಿತು, ಆಶ್ರಮದ ತಿಂಗಳ ದುಡ್ಡು ಕೈಯಿಂದಲೇ ಹೋಗುತ್ತದೆ.

ಮೊದಲ ಸಲ ಹೇಳಿ ಹೋಗಿ, ಎರಡನೇ ಸಲ ಹೇಳದೆ ಹೋಗಿ, ಅದೂ ರಾತ್ರಿ ಎಂಟರ ಹೊತ್ತಿಗೆ. ನಾನು ಹಾಗೆ ಹೋದ ಒಂದು ಕಡೆ ಮಂಚದ ಪಕ್ಕದ ಬೆಲ್ಲಿನ ವೈರನ್ನು ಸುತ್ತಿ ಗೋಡೆ ಮೇಲಿನ ಮೊಳೆಗೆ ಸಿಕ್ಕಿಸಿದ್ದರು. ಮಲಗಿದವರ ಕೈಗೆ ಎಟುಕುವಂತಿರಲಿಲ್ಲ. ಕೇಳಿದರೆ, "ಅಜ್ಜಿ ಸುಮ್ನೆ ಒತ್ತುತ್ತಾ ಇರ್ತಾರೆ" ಅಂದಳು ಆಯಾ. ಅವಳದೂ ತಪ್ಪಲ್ಲ ಬಿಡಿ, ಇಡೀ ಮಹಡಿಗೆ ಅವಳೊಬ್ಬಳೇ.

ಮನೆಯಲ್ಲೇ ಏಜೆನ್ಸಿಯಿಂದ ಆಯಾ ಇಟ್ಟುಕೊಳ್ಳುವುದೂ ಒಂದು ದಾರಿ. ನಾವು ಕೊನೆಗೆ ಅದನ್ನೇ ಮಾಡಿದೆವು. ಆದರೆ ಅವರು ಹಬ್ಬಕ್ಕೆ ಊರಿಗೆ ಹೋದರೆ ಬದಲಿಗೆ ಯಾರು ಅಂತ ಮೊದಲೇ ಗೊತ್ತಿರಬೇಕು. ಮೈಸೂರಿನ ತಂಗಿ ಬಂದು ನಿಲ್ಲದಿದ್ದರೆ ನಮ್ಮ ಕೈಲಿ ಆಗುತ್ತಿರಲಿಲ್ಲ.

ಮನೆ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. "ಅಮ್ಮನನ್ನ ನಾನೇ ನೋಡ್ಕೋತೀನಿ, ಮನೆ ನನ್ನ ಹೆಸರಿಗೆ ಮಾಡಿ" ಅಂತ ಯಾರಾದರೂ ಅಂದರೆ, ನೋಡಿಕೊಳ್ಳಬೇಕು ಅನ್ನುವ ಷರತ್ತು ದಾನಪತ್ರದಲ್ಲೇ ಇರಲಿ. ಹಾಗಿದ್ದರೆ, ಮಾತು ತಪ್ಪಿದಾಗ ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಕೆಳಗೆ ಆ ಪತ್ರವನ್ನು ರದ್ದು ಮಾಡಿಸಬಹುದು. ಎಲ್ಲಿ, ಹೇಗೆ ಅಂತ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಕೇಳಿ, ಅದು ಉಚಿತ.

ಅಮ್ಮನನ್ನು ಕೇಳಿದಿರಾ? ಒಪ್ಪಿದರೆ ನೇರ ಸೇರಿಸಬೇಡಿ, ಹದಿನೈದು ದಿನ ಇದ್ದು ನೋಡಲಿ. ಕೆಲವು ಕಡೆ ಹಾಗೆ ಇಟ್ಟುಕೊಳ್ಳುತ್ತಾರೆ. ಅಲ್ಲಿಯವರೆಗೆ ಹಾಸನದ ಮನೆಗೆ ಬೀಗ ಹಾಕಿಟ್ಟರೆ ಸಾಕು, ಬಾಡಿಗೆಗೆ ಕೊಡಬೇಡಿ.