ಮಂಡ್ಯದಲ್ಲಿ ಕಣ್ಣಿನ ವೈದ್ಯರು ಬೇಡ ಅಂದರು, ಮೈಸೂರಿನಲ್ಲಿ ಮಾಡಬಹುದು ಅಂದರು. ಕನ್ನಡಕ ಬಿಡಲು ಕಣ್ಣಿಗೆ ಲೇಸರ್ ಮಾಡಿಸಲಾ?

ಎರಡು ಕಡೆ ಎರಡು ಮಾತು ಬಂದದ್ದಕ್ಕೆ ಕಾರಣ ಹೆಚ್ಚಾಗಿ ನಿಮ್ಮ ಕಾಂಟ್ಯಾಕ್ಟ್ ಲೆನ್ಸ್. ಸ್ಕ್ಯಾನ್‌ನ ಹಿಂದಿನ ದಿನದವರೆಗೂ ಹಾಕಿದ್ದೆ ಎಂದು ಬರೆದಿದ್ದೀರಿ. ಲೆನ್ಸ್ ಒತ್ತಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಆಕಾರ ಸ್ವಲ್ಪ ಬದಲಾಗುತ್ತದೆ, ಅಳತೆ ತಪ್ಪುತ್ತದೆ. ನನ್ನ ತಂಗಿಯ ಎರಡು ವರದಿ ಹೊಂದದೇ ಇದ್ದದ್ದೂ ಇದಕ್ಕೇ.

ಮೊದಲು ಲೆನ್ಸ್ ಬಿಡಿ. ಸಾಫ್ಟ್ ಆದರೆ ಎರಡು ವಾರ, ಗಟ್ಟಿ ಲೆನ್ಸ್ ಆದರೆ ಕನಿಷ್ಠ ನಾಲ್ಕು ವಾರ ಬರೀ ಕನ್ನಡಕ. ಆಮೇಲೆ ಕಾರ್ನಿಯಾ ಟೋಪೋಗ್ರಫಿ (ಕಾರ್ನಿಯಾದ ಆಕಾರ ಅಳೆಯುವ ಸ್ಕ್ಯಾನ್) ಮತ್ತೆ ಮಾಡಿಸಿ, ಪ್ರಿಂಟ್ ಕೇಳಿ ತಗೊಳ್ಳಿ. ಕಾರ್ನಿಯಾದ ಸಾಮಾನ್ಯ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮೈನಸ್ 5 ಪವರ್ ತೆಗೆಯಲು ಲೇಸರ್‌ನಲ್ಲಿ ಸುಮಾರು 70 ಮೈಕ್ರಾನ್ ಹೋಗುತ್ತದೆ, ಲ್ಯಾಸಿಕ್‌ನಲ್ಲಿ (ಕಾರ್ನಿಯಾದ ಮೇಲಿನ ತೆಳು ಪದರ ಎತ್ತಿ ಅದರ ಕೆಳಗೆ ಲೇಸರ್ ಮಾಡುವ ವಿಧಾನ) ಎತ್ತುವ ಪದರದ ಲೆಕ್ಕ ಬೇರೆ. ಅದಕ್ಕೇ ಕಾರ್ನಿಯಾ ತೆಳ್ಳಗಿದ್ದರೆ ವೈದ್ಯರು ಹಿಂದೆಮುಂದೆ ನೋಡುತ್ತಾರೆ. ಅಂಥವರಿಗೆ ಕೆಲವೊಮ್ಮೆ ಪಿಆರ್‌ಕೆ, ಅಂದರೆ ಆ ಪದರ ಎತ್ತದೆ ಮೇಲಿಂದಲೇ ಮಾಡುವ ಲೇಸರ್, ಆಗಬಹುದು. ಆದರೆ ಕೆರಟೋಕೋನಸ್ ಅನುಮಾನ ಇದ್ದರೆ, ಅಂದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುತ್ತಿದ್ದರೆ, ಲ್ಯಾಸಿಕ್ ಬೇಡವೇ ಬೇಡ. ಕಣ್ಣು ಉಜ್ಜುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ನನಗೆ ಜಾಸ್ತಿ ಯೋಚನೆ ಆಗಿದ್ದು ಇನ್ನೊಂದು. ನಿಮಗೆ 21 ವರ್ಷ, ಒಂದೇ ವರ್ಷದಲ್ಲಿ ಪವರ್ 4.25ರಿಂದ 5ಕ್ಕೆ ಏರಿದೆ. ವರ್ಷಕ್ಕೆ 0.5ಕ್ಕಿಂತ ಜಾಸ್ತಿ ಬದಲಾಗುತ್ತಿದ್ದರೆ ಕಾಯುವುದೇ ಸರಿ. ಇಲ್ಲದಿದ್ದರೆ ಮತ್ತೆ ಕನ್ನಡಕ ಬರಬಹುದು, ಅಲ್ವಾ? ನಿಜಕ್ಕೂ ಏರಿತೋ, ಲೆನ್ಸ್‌ನಿಂದ ಹಾಗೆ ಕಂಡಿತೋ, ಹೊಸ ಅಳತೆಯೇ ಹೇಳಬೇಕು.

ನಿಮ್ಮ ಆಲೆಮನೆ ಕೆಲಸ, ಕಣ್ಣು ಒಣಗಿ ಉರಿಯುವುದು, ಎರಡನ್ನೂ ವೈದ್ಯರಿಗೆ ಹೇಳಿ. ಲೇಸರ್ ಆದ ಮೇಲೆ ಒಣಗುವುದು ಕೆಲವು ತಿಂಗಳು ಹೆಚ್ಚಬಹುದು. ಹೊಸ ವರದಿಯನ್ನು ಬೇಡ ಅಂದ ವೈದ್ಯರಿಗೇ ಮೊದಲು ತೋರಿಸಿ, "ಯಾವ ಅಳತೆ ನೋಡಿ ಬೇಡ ಅಂದಿರಿ?" ಎಂದು ಕೇಳಿ. ಅಲ್ಲಿಯವರೆಗೆ ಆಫರ್ ಮುಗಿಯುತ್ತದೆ ಎಂದು ಎಲ್ಲೂ ಅಡ್ವಾನ್ಸ್ ಕಟ್ಟಬೇಡಿ.