ಚಿಕ್ಕ ವಯಸ್ಸಿನಲ್ಲೇ ಮಿದುಳಿಗೆ ತೀವ್ರ ಪೆಟ್ಟಾದ ಮಕ್ಕಳು ಮುಂದೆ ಪೂರ್ತಿ ಸರಿಹೋಗುತ್ತಾರಾ?

ಐದನೇ ವಯಸ್ಸಿನಲ್ಲಿ ತಲೆಗೆ ಪೆಟ್ಟಾಗಿ ಕೋಮಾಕ್ಕೆ ಹೋಗಿದ್ದ ನಿಮ್ಮ ಮಗ ಈಗ ಓಡಾಡುತ್ತಾನೆ, ಮಾತಾಡುತ್ತಾನೆ, ಆದರೆ ನಾಲ್ಕನೇ ತರಗತಿಗೆ ಬಂದಮೇಲೆ ಓದಿನಲ್ಲಿ ಹಿಂದೆ ಬೀಳುತ್ತಿದ್ದಾನೆ ಅಂತ ಬರೆದಿದ್ದೀರಿ. ‘ಎಳೆ ಮಿದುಳು, ತಾನೇ ಸರಿಹೋಗುತ್ತೆ’ ಅಂತ ಎಲ್ಲರೂ ಹೇಳುವುದು ನಿಜವೇ ಅನ್ನುವುದು ನಿಮ್ಮ ಪ್ರಶ್ನೆ.

ನನಗೆ ಪೆಟ್ಟಾದದ್ದು ಏಳನೇ ವಯಸ್ಸಿನಲ್ಲಿ. ಎಚ್ಚರ ಎಷ್ಟಿದೆ ಅಂತ 3ರಿಂದ 15ರವರೆಗೆ ಅಂಕ ಕೊಟ್ಟು ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಗಾಯ ಅನ್ನುತ್ತಾರೆ, ನನ್ನದು 5 ಇತ್ತು. ಈಗ ನನ್ನ ದುಡಿಮೆಯಲ್ಲೇ ಬದುಕುತ್ತಿದ್ದೇನೆ. ಆದರೂ ಆ ಮಾತು ಅರ್ಧ ಮಾತ್ರ ನಿಜ.

ಮಕ್ಕಳ ಮಿದುಳು ಬೇಗ ಹೊಂದಿಕೊಳ್ಳುತ್ತದೆ, ಸರಿ. ಆದರೆ ಕಲಿಯಬೇಕಾದದ್ದೆಲ್ಲ ಇನ್ನೂ ಮುಂದಿರುವಾಗಲೇ ಗಾಯವಾಗಿರುತ್ತದೆ. ಯೋಜನೆ ಹಾಕುವುದು, ಸಿಟ್ಟು ತಡೆಯುವುದು, ಎರಡು ಕೆಲಸ ಒಟ್ಟಿಗೆ ನಿಭಾಯಿಸುವುದು ಇವಕ್ಕೆ ಬೇಕಾದ ಮುಂಭಾಗದ ಮಿದುಳು ಬಲಿಯುವುದಕ್ಕೆ ಇಪ್ಪತ್ತೈದರ ಆಸುಪಾಸು ಆಗುತ್ತದೆ. ಆ ಭಾಗಕ್ಕೆ ಏಟು ಬಿದ್ದಿದ್ದರೆ ಐದು ವರ್ಷದ ಮಗುವಿನಲ್ಲಿ ಗೊತ್ತೇ ಆಗದಿರಬಹುದು, ಆ ವಯಸ್ಸಿನಲ್ಲಿ ಯಾರೂ ಅವನಿಂದ ಅದನ್ನೆಲ್ಲ ಕೇಳುವುದಿಲ್ಲವಲ್ಲ. ಪಾಠ ಉದ್ದವಾದಾಗ, ಹೋಂವರ್ಕ್ ತಾನೇ ನೆನಪಿಟ್ಟುಕೊಳ್ಳಬೇಕಾದಾಗ ಕೊರತೆ ಕಾಣಿಸುತ್ತದೆ. ಹೊಸದಾಗಿ ಏನೋ ಕೆಟ್ಟಿದೆ ಅಂತಲೇ ಅಲ್ಲ, ಹಳೆಯ ಗಾಯದ ಲೆಕ್ಕ ಈಗ ಬರುತ್ತಿರಬಹುದು. ಆದರೆ ಮೊದಲು ಬರುತ್ತಿದ್ದದ್ದು ಈಗ ಬಾರದಂತಾದರೆ, ನಿಂತ ಹಾಗೇ ಕಣ್ಣು ನೆಟ್ಟು ಮೈಮರೆತರೆ ತಡಮಾಡದೆ ನರರೋಗ ವೈದ್ಯರಿಗೆ ತೋರಿಸಿ. ಹಾಗೆ ಮೈಮರೆಯುವುದು ಫಿಟ್ಸ್ ಇರಬಹುದು, ಅದು ವರ್ಷಗಳ ನಂತರವೂ ಶುರುವಾಗಬಹುದು. ಎತ್ತರ ಬೆಳೆಯುವುದು ನಿಂತಂತೆ ಕಂಡರೆ ಹಾರ್ಮೋನ್ ಪರೀಕ್ಷೆ ಕೇಳಿ, ಬೆಳವಣಿಗೆಯ ಹಾರ್ಮೋನ್ ಬಿಡುವ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೂ ಪೆಟ್ಟಾಗಿರುವ ಸಾಧ್ಯತೆ ಇರುತ್ತದೆ.

ನನ್ನ ಎಡಗೈ ಇವತ್ತಿಗೂ ಬಿಗಿ. ಅಂಗಿಯ ಗುಂಡಿ ಹಾಕುವಾಗ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಳ್ಳುತ್ತದೆ, ಬಲಗೈಯಿಂದ ಅದನ್ನು ಬಿಡಿಸಿ ಮತ್ತೆ ಶುರುಮಾಡುತ್ತೇನೆ. ಅದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಜನ ಅರ್ಥಮಾಡಿಕೊಳ್ಳುತ್ತಾರೆ. ಕಾಣದಿರುವ ಸುಸ್ತೇ ನನ್ನನ್ನು ಹೆಚ್ಚು ಕಾಡಿದ್ದು. ನಾಲ್ಕು ಜನ ಮಾತಾಡುತ್ತಿದ್ದರೆ ನನ್ನ ಉತ್ತರ ಸಿದ್ಧವಾಗುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿರುತ್ತದೆ. ಶಾಲೆಯಲ್ಲಿ ಇದಕ್ಕೆ ಸೋಮಾರಿತನ ಅಂತ ಹೆಸರಿಟ್ಟರು. ಆ ಹೆಸರು ಗಾಯಕ್ಕಿಂತ ಹೆಚ್ಚು ನೋಯಿಸಿತು. ನಿಮ್ಮ ಮಗನಿಗೆ ಅದು ಅಂಟದಂತೆ ದಯವಿಟ್ಟು ನೋಡಿಕೊಳ್ಳಿ.

ನೆನಪು, ಗಮನ, ಯೋಚನೆಯ ವೇಗ ಇವನ್ನೆಲ್ಲ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿ, ಮತ್ತು ಒಂದೇ ಸಲಕ್ಕೆ ನಿಲ್ಲಿಸಬೇಡಿ. ಹೈಸ್ಕೂಲಿಗೆ ಹೋಗುವಾಗ, ಕಾಲೇಜಿಗೆ ಸೇರುವಾಗ ಮತ್ತೆ ಮಾಡಿಸಿ. ವರದಿಯನ್ನು ಶಿಕ್ಷಕರ ಕೈಗೆ ಕೊಟ್ಟು ಪರೀಕ್ಷೆಗೆ ಹೆಚ್ಚುವರಿ ಸಮಯ, ನಡುವೆ ವಿರಾಮ, ಒಂದು ಸಲಕ್ಕೆ ಒಂದೇ ಸೂಚನೆ ಕೇಳಿ. ನನ್ನ ಅಮ್ಮ ಬೆಳಗಿನ ಕೆಲಸಗಳನ್ನು ಒಂದರ ಕೆಳಗೊಂದು ಬರೆದು ಬಾಗಿಲಿಗೆ ಅಂಟಿಸುತ್ತಿದ್ದರು. ಆ ಚೀಟಿಯಿಂದ ನನಗಾದಷ್ಟು ಉಪಕಾರ ಯಾವ ಬುದ್ಧಿಮಾತಿನಿಂದಲೂ ಆಗಲಿಲ್ಲ.

ಪೂರ್ತಿ ಮೊದಲಿನಂತೆ ಆಗುತ್ತಾನಾ ಅಂದರೆ, ಅಷ್ಟು ತೀವ್ರ ಗಾಯದ ನಂತರ ಬಹುಶಃ ಇಲ್ಲ. ಆದರೆ ಚೇತರಿಕೆಯ ವೇಗ ಮೊದಲ ಒಂದೆರಡು ವರ್ಷಗಳ ನಂತರ ಕಡಿಮೆಯಾಗುತ್ತದೆಯೇ ಹೊರತು ಕಲಿಕೆ ನಿಲ್ಲುವುದಿಲ್ಲ. ನಾನು ಒಂದೇ ಕೈಯಲ್ಲಿ ವೇಗವಾಗಿ ಟೈಪ್ ಮಾಡಲು ಕಲಿತದ್ದು ಇಪ್ಪತ್ತು ದಾಟಿದ ಮೇಲೆ.